ನೆರಿಗುಂಡಾದ ಕತ್ತಲು ಕಟ್ಟಿದ ಕತೆ: ನನ್ನ ಅನುಭವ

"ಕತ್ತಲ ಮಾದರಿ ಕಟ್ಟಿದ್ರೆ ಯಾರಪ್ಪಾ ನೋಡ್ತಾರೆ?" ಅಂದವರೇ ಜಾಸ್ತಿ. ಪುಟಾಣಿ ಊರು ಕಟ್ಟುವ ನಮ್ಮ ಗೆಳೆಯರೆಲ್ಲ ತಲೆ ಮೇಲೆ ಟ್ಯೂಬ್‌ಲೈಟ್ ಹಾಕಿ ತೋರಿಸುವವರು. ಈಗ ಅವರೇ ನೆರಿಗುಂಡಾ ಊರಿನ ದರೋಡೆಯ ರಾತ್ರಿಯನ್ನು ಪುಟ್ಟದಾಗಿ ಕಟ್ಟಿಟ್ಟ ನನ್ನ ಪೆಟ್ಟಿಗೆಯ ಕಿಂಡಿಗೆ ಕಣ್ಣಿಡಲು ಸಾಲು ನಿಲ್ಲುತ್ತಾರೆ. ಅದಕ್ಕೇ ಬರೆಯುವ ಧೈರ್ಯ ಬಂತು.

ನಾನಿರುವುದು ಕ್ಯಾನ್‌ಬೆರಾದಲ್ಲಿ. ಘಟ್ಟ ಇಳಿದು ಕರಾವಳಿಗೆ ಹೋದರೆ ಬೊಡಾಲ್ಲಾದಿಂದ ಒಳಗೆ ನೆರಿಗುಂಡಾ ಸಿಗುತ್ತದೆ. 1860ರ ದಶಕದಲ್ಲಿ ಹಳ್ಳದಲ್ಲಿ ಚಿನ್ನ ಸಿಕ್ಕಿತೆಂದು ಜನ ಮುಗಿಬಿದ್ದ ಜಾಗ. 1866ರ ಏಪ್ರಿಲ್ 9ರಂದು ಥಾಮಸ್ ಕ್ಲಾರ್ಕ್‌ನ ದರೋಡೆ ತಂಡ ಅಲ್ಲಿಗೆ ನುಗ್ಗಿತು. ಊರಲ್ಲಿದ್ದದ್ದು ಇಬ್ಬರೇ ಪೊಲೀಸರು. ಅವರಲ್ಲಿ ಮೈಲ್ಸ್ ಓಗ್ರೇಡಿ ಕಾಯಿಲೆ ಬಿದ್ದು ಮಲಗಿದ್ದ. ಹಾಗೇ ಎದ್ದು ಬಂದ. ಫ್ಲೆಚರ್ ಎಂಬ ದರೋಡೆಕೋರ ಅಲ್ಲೇ ಸತ್ತ, ಓಗ್ರೇಡಿಯೂ ಗುಂಡೇಟಿಗೆ ಸತ್ತ. ಅವನ ಹೆಸರಿನ ಸ್ಮಾರಕ ಈಗಲೂ ಅಲ್ಲಿದೆ. ಹಳೆ ಗೋಡೆಗಳ ಅಳತೆ ಹಿಡಿಯೋಣ ಅಂದರೆ ಏನೂ ಉಳಿದಿಲ್ಲ. 2019ರ ಕೊನೆಯ ದಿನದ ಕಾಡ್ಗಿಚ್ಚು ಊರನ್ನು ಹೆಚ್ಚುಕಮ್ಮಿ ಮುಗಿಸಿಬಿಟ್ಟಿತ್ತು.

ರಾತ್ರಿ ದೃಶ್ಯ ಅಂದರೆ ನಾವೆಲ್ಲ ಮಾಡುವುದು ಗೊತ್ತೇ ಇದೆಯಲ್ಲ, ಮೇಲಿಂದ ನೀಲಿ ಎಲ್ಇಡಿ. ನಾನೂ ಅದನ್ನೇ ಹಾಕಿದ್ದೆ, ಚೆನ್ನಾಗಿಯೂ ಕಂಡಿತ್ತು. ಆಮೇಲೆ ಸುಮ್ನೆ ಕುತೂಹಲಕ್ಕೆ ದರೋಡೆಯ ದಿನದ ಚಂದ್ರನನ್ನು ಲೆಕ್ಕ ಹಾಕಿದೆ. 1866 ವಿಚಿತ್ರ ವರ್ಷ. ಫೆಬ್ರವರಿಯಲ್ಲಿ ಹುಣ್ಣಿಮೆಯೇ ಇಲ್ಲ, ಜನವರಿಯಲ್ಲೂ ಮಾರ್ಚಿನಲ್ಲೂ ಎರಡೆರಡು. ಮಾರ್ಚಿನ ಎರಡನೆಯದು 31ಕ್ಕೆ. ಅಂದರೆ ಏಪ್ರಿಲ್ 9ಕ್ಕೆ ಚೈತ್ರ ಬಹುಳ ನವಮಿ-ದಶಮಿ. ಚಂದ್ರ ಹುಟ್ಟುವುದೇ ನಡುರಾತ್ರಿ ಕಳೆದ ಮೇಲೆ. ಸಂಜೆಯ ಬೀದಿಯಲ್ಲಿ ಬೆಳಕು ಇದ್ದರೆ ಅದು ಕಿಟಕಿ ಬಾಗಿಲಿನ ದೀಪದ್ದು ಮಾತ್ರ. ನೀಲಿ ಎಲ್ಇಡಿ ಅಷ್ಟೂ ಕಿತ್ತು ಹಾಕಿದೆ. ಸುಮಾರು ಅರವತ್ತು ಡಾಲರ್ ಹೋಯಿತು.

ಕಷ್ಟ ಶುರುವಾದದ್ದು ಅಲ್ಲಿಂದ. ಎಲ್ಇಡಿ ಬೆಳಕು ತಗ್ಗಿಸಲು 470 ಓಮ್ ರೆಸಿಸ್ಟರ್ ಹಾಕಿದರೆ ಪಬ್ಬು ಮದುವೆ ಮನೆಯಂತೆ ಝಗಮಗ. ಹಂತಹಂತವಾಗಿ ಏರಿಸಿ 22ಕೆ (22 ಸಾವಿರ ಓಮ್) ಹತ್ತಿರ ಬಂದಾಗ ದೀಪ ದೀಪದ ಹಾಗಾಯಿತು. ಎಲ್ಇಡಿ ತಲೆಗೆ ಟಾಮಿಯಾ ಕಂಪನಿಯ ಕ್ಲಿಯರ್ ಆರೆಂಜ್ ಬಣ್ಣ ಬಳಿದೆ. ಅದರ ಜೊತೆ ಇನ್ನೊಂದು ಬಣ್ಣ ಬೆರೆಸುತ್ತೇನೆ. ಯಾವುದು, ಎಷ್ಟು ಅಂತ ಕೇಳಬೇಡಿ, ಹೇಳುವುದಿಲ್ಲ! ಹೊರಗಿನ ಕೋಣೆ ಪೂರ್ತಿ ಕತ್ತಲಾದಾಗ ಒಳಗಿನ ಬೆಳಕು ಸೋರಿ ಮನೆಗಳ ಫೋಮ್‌ಬೋರ್ಡ್ ಗೋಡೆಗಳೇ ಹೊಳೆಯತೊಡಗಿದವು. ಒಳಗೆಲ್ಲ ಅಡುಗೆಮನೆ ಫಾಯಿಲ್ ಅಂಟಿಸಿ, ಮೇಲೆ ಕಪ್ಪು ಬಳಿದ ಮೇಲೆ ಆ ಕಾಟ ತಪ್ಪಿತು.

ಮಾಡಿಗೆ ಪೇಪರ್‌ಬಾರ್ಕ್ ಮರದ ತೊಗಟೆಯ ಎಳೆ ಹಚ್ಚಿದೆ. ಉಗುರಲ್ಲಿ ಕಿತ್ತರೆ ಹಾಳೆ ಹಾಳೆಯಾಗಿ ಬರುತ್ತದೆ, ಒಂದು ಬದಿ ಗುಲಾಬಿ. ಆದರೆ ಗೋಂದು ಒಣಗಿದ ಬೆಳಗ್ಗೆ ಮಾಡುಗಳೆಲ್ಲ ಸುರುಳಿ ಸುತ್ತಿಕೊಂಡಿದ್ದವು. ಎರಡು ರಾತ್ರಿ ಪುಸ್ತಕದಡಿ ಒತ್ತಿಟ್ಟು ಹಚ್ಚಿ, ಸರಿಯಾಗುತ್ತದೆ. ಬೀದಿ ಮಣ್ಣಿಗೆ ಕಾಫಿ ಚರಟ ಪ್ರಯೋಗ ಮಾಡಿದೆ. ಬಣ್ಣವೇನೋ ಸೊಗಸು, ವಾರದಲ್ಲಿ ಬೂಸಲು. ಹಿತ್ತಲ ಮಣ್ಣನ್ನೇ ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದೆ. ಆ ಜಾಲರಿಯ ಲೆಕ್ಕ ಮನೆಯಲ್ಲಿ ಇನ್ನೂ ಮುಗಿದಿಲ್ಲ. ಒಟ್ಟು ಖರ್ಚು ನಾನೂರು ಡಾಲರ್ ಆಸುಪಾಸು. "ರೀ, ಊರಿಗೆ ಅರ್ಧ ಟಿಕೆಟ್ ಬರ್ತಿತ್ತು" ಅಂತ ಹೆಂಡತಿ ಆಗಾಗ ನೆನಪಿಸುತ್ತಾಳೆ.

ತೋರಿಸುವ ವಿಧಾನದಲ್ಲಿ ಒಂದೇ ಗುಟ್ಟು. ಕಪ್ಪು ಪರದೆಯೊಳಗೆ ಕೂರಿಸಿ ಐದಾರು ನಿಮಿಷ ಏನೂ ತೋರಿಸಬೇಡಿ. ಕಣ್ಣು ಕತ್ತಲಿಗೆ ಹೊಂದಿದ ಮೇಲೆ ಕಿಂಡಿ ತೆರೆಯಿರಿ. ಮೊದಲು ಬಾಗಿಲ ಬೆಳಕು ಕಾಣುತ್ತದೆ, ಆಮೇಲೆ ಅದರಲ್ಲಿ ನಿಂತ ಗೊಂಬೆ, ಕೊನೆಗೆ ಬೀದಿಯಲ್ಲಿರುವವರು. ಬೆಳಕಲ್ಲಿ ನಿಂತವನು ಕಾಣುತ್ತಾನೆ, ಅವನಿಗೆ ಎದುರಿನವರು ಕಾಣುವುದಿಲ್ಲ. ಇದನ್ನು ಬಾಯಲ್ಲಿ ಎಷ್ಟು ಹೇಳಿದರೂ ಯಾರೂ ತಲೆ ಆಡಿಸುತ್ತಿರಲಿಲ್ಲ.

ಪೊಲಾಕ್ ಎಂಬ ಚಿನ್ನದ ವ್ಯಾಪಾರಿಯ ಹೆಂಡತಿ ತಿಜೋರಿ ಕೀಲಿಯನ್ನು ಬೀದಿಗೆ ಎಸೆದಳು, ದರೋಡೆಕೋರರಿಗೆ ಅದು ಸಿಗಲೇ ಇಲ್ಲ ಅಂತ ಹೇಳುತ್ತಾರಲ್ಲ, ಅದಕ್ಕೆ ಹಿತ್ತಾಳೆ ತಂತಿಯ ಚೂರೊಂದನ್ನು ಮಣ್ಣಲ್ಲಿ ಹುದುಗಿಸಿದ್ದೇನೆ. ದೀಪದ ಬೆಳಕಲ್ಲಿ ಈವರೆಗೆ ಯಾರಿಗೂ ಕಂಡಿಲ್ಲ. ಹುಡುಗರು ಮಾತ್ರ ಮೊಬೈಲ್ ಟಾರ್ಚ್ ಹಾಕಿ ಮೋಸ ಮಾಡುತ್ತಾರೆ.

ಮುಂದಿನದು ಜಿಂಡೆನ್. ಇದೇ ಕ್ಲಾರ್ಕ್ ತಂಡವನ್ನು ಹಿಡಿಯಲು ಹೋದ ನಾಲ್ವರು ವಿಶೇಷ ಕಾನ್‌ಸ್ಟೇಬಲ್‌ಗಳು 1867ರ ಜನವರಿ 9ರಂದು ಅಲ್ಲಿ ಕೊಲೆಯಾದರು. ಲೆಕ್ಕ ಹಾಕಿ ನೋಡಿದೆ, ಅಂದು ತದಿಗೆ-ಚೌತಿಯ ಎಳೆ ಚಂದ್ರ, ಬೇಗ ಮುಳುಗುವಂಥದ್ದು. ಈ ಸಲ ಕಾಡು ಬೇರೆ ಕಟ್ಟಬೇಕು, ಕಿಟಕಿ ದೀಪವೂ ಇಲ್ಲ. 22ಕೆ ಸಾಲುವುದಿಲ್ಲ ಅನಿಸುತ್ತಿದೆ. 47ಕೆ ಪೊಟ್ಟಣ ತರಿಸಿದ್ದೇನೆ, ಮನೆಯಲ್ಲಿ ಇನ್ನೂ ಹೇಳಿಲ್ಲ.