ಅಟ್ಟದ ಮೇಲಿನ ಕೋಲ್ಟ್: ಅಸಲು ಗುರುತಿಸುವ, ಕೆಡದಂತೆ ಕಾಪಾಡುವ ಬಗೆ

ಹಳೆಯ ವಾಡೆಯ ಸಂದೂಕಿನಿಂದಲೋ ಗುಜರಿ ಅಂಗಡಿಯಿಂದಲೋ ಕೋಲ್ಟ್, ರೆಮಿಂಗ್ಟನ್‌ನಂಥ ಅಮೆರಿಕದ ಕಂಪನಿಯ ಕ್ಯಾಪ್ ರಿವಾಲ್ವರ್ ಕೈಗೆ ಬಂದರೆ, ಅಸಲೋ ನಕಲೋ ಎಂದು ನೋಡುವ ಮುಂಚೆ ಒಳಗೆ ಮದ್ದಿದೆಯೇ ಎಂದು ನೋಡಬೇಕು. ತೇವ ತಾಗದ ಕಪ್ಪು ಮದ್ದು ನೂರೈವತ್ತು ವರ್ಷದ ಮೇಲೂ ಹೊತ್ತಿಕೊಳ್ಳುತ್ತದೆ. ಸಿಲಿಂಡರಿನ ಹಿಂಬದಿಯ ನಿಪ್ಪಲ್‌ಗಳ (ಮೊಳೆಯಂಥ ಚಿಕ್ಕ ಕೊಳವೆಗಳ) ಮೇಲೆ ತಾಮ್ರದ ಪುಟ್ಟ ಟೋಪಿ ಕಂಡರೆ ಅದೇ ಮದ್ದಿಗೆ ಕಿಡಿ ಕೊಡುವ ಕ್ಯಾಪು. ಅದನ್ನು ಕೀಳಲು ಹೋಗದೆ, ಹ್ಯಾಮರ್ ಮುಟ್ಟದೆ, ನಳಿಗೆಯನ್ನು ಮರಳಿನ ಬುಟ್ಟಿಯ ಕಡೆ ಮಾಡಿಟ್ಟು ಪೊಲೀಸರಿಗೆ ತಿಳಿಸಿ.

ಕ್ಯಾಪು ಇಲ್ಲದಿದ್ದರೆ ಹ್ಯಾಮರನ್ನು ಅರ್ಧಕ್ಕೆ ಎಳೆಯಿರಿ, ಸಿಲಿಂಡರ್ ಸಲೀಸಾಗಿ ತಿರುಗುತ್ತದೆ. ನಳಿಗೆಯೊಳಗಿಂದ ತೆಳ್ಳನೆಯ ಬಿದಿರು ಕಡ್ಡಿ ಇಳಿಸಿ, ಸಿಲಿಂಡರಿನ ಒಂದೊಂದು ಕೋಣೆಗೂ, ನಳಿಗೆಯ ಬಾಯಿಯ ಮಟ್ಟಕ್ಕೆ ಕಡ್ಡಿಯ ಮೇಲೆ ಪೆನ್ಸಿಲ್ ಗುರುತು ಹಾಕಿ. ಆರಕ್ಕೂ ಒಂದೇ ಗುರುತು ಬಂತೆಂದು ನಿಶ್ಚಿಂತರಾಗಬೇಡಿ, ಆರೂ ತುಂಬಿರಬಹುದು. ಕಡ್ಡಿಯನ್ನು ಹೊರಮೈಗೆ ಹಿಡಿದಾಗ ಗುರುತಿನಿಂದ ತುದಿಯವರೆಗಿನ ಉದ್ದ ನಿಪ್ಪಲ್‌ನ ಬುಡದ ಹತ್ತಿರಕ್ಕೆ ಮುಟ್ಟಬೇಕು. ಮೊಟಕಾದರೆ ಒಳಗಿರುವುದು ಕಸವಿರಬಹುದು, ಸೀಸದ ಗುಂಡೂ ಇರಬಹುದು. ಗುಂಡೆಂದೇ ತಿಳಿದು ಅಲ್ಲಿಗೇ ನಿಲ್ಲಿಸಿ. ಕೊರೆಯುವುದು, ಕಾಯಿಸುವುದು ಬೇಡವೇ ಬೇಡ.

ಇನ್ನು ಕಾನೂನು. 1898ರವರೆಗೆ ತಯಾರಾದ ಬಂದೂಕಿಗೆ ಅಮೆರಿಕದಲ್ಲಿ ಸಿಗುವ ವಿನಾಯಿತಿ ಇಲ್ಲಿ ನಡೆಯುವುದಿಲ್ಲ. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಮು ಬಿಡುವುದು, ದುರಸ್ತಿ ಮಾಡಿದರೂ ಹಾರಿಸಲಾಗದ ಹಳೆಯ ಆಯುಧವನ್ನು ಮಾತ್ರ. ಹಳೆಯದಾದರೂ ಸುಸ್ಥಿತಿಯಲ್ಲಿರುವ ಕೋಲ್ಟ್ ಅದರಲ್ಲಿ ಬರುವುದಿಲ್ಲ. ಹುಬ್ಬಳ್ಳಿ-ಧಾರವಾಡದವರು ಪೊಲೀಸ್ ಕಮಿಷನರ್ ಕಚೇರಿಯಲ್ಲಿ, ಗದಗ-ಹಾವೇರಿಯವರು ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ, ಬರಹದಲ್ಲಿ ಉತ್ತರ ಪಡೆಯಬೇಕು. ನೂರು ವರ್ಷ ದಾಟಿದ ವಸ್ತುವಿಗೆ 1972ರ ಪುರಾತನ ವಸ್ತುಗಳ ಕಾಯ್ದೆಯೂ ಇದೆ, ಹೊರದೇಶಕ್ಕೆ ಕಳಿಸುವಂತಿಲ್ಲ.

ಅಸಲು ಗುರುತಿಸುವಾಗ ಮಾರುವವನ ಕತೆಯನ್ನು ಪಕ್ಕಕ್ಕಿಟ್ಟು ಇಸವಿ ತಾಳೆ ನೋಡಿ. ನಮ್ಮ ಸೀಮೆಯಲ್ಲಿ 1858ರ ನರಗುಂದ ಬಂಡಾಯದ ಹೆಸರು ಹೇಳಿದರೆ ಬೆಲೆ ಏರುತ್ತದೆ. ಆದರೆ ತೋರಿಸುತ್ತಿರುವುದು ಎಂಟು ಇಂಚಿನ ದುಂಡು ನಳಿಗೆಯ, .44 ಕ್ಯಾಲಿಬರಿನ (ನಳಿಗೆಯ ತೂತಿನ ಅಳತೆ, ಇಂಚಿನಲ್ಲಿ) ಕೋಲ್ಟ್ ಆರ್ಮಿ ಆಗಿದ್ದರೆ, ಆ ಮಾದರಿ ಹೊರಬಂದದ್ದೇ 1860ರಲ್ಲಿ. ರೆಮಿಂಗ್ಟನ್ ಇನ್ನೂ ಹೆಚ್ಚು ಮೋಸಗೊಳಿಸುತ್ತದೆ: ನಳಿಗೆಯ ಮೇಲೆ ‘ಸೆಪ್ಟೆಂಬರ್ 14, 1858’ ಎಂದೇ ಅಚ್ಚಾಗಿದೆ. ಅದು ಪೇಟೆಂಟಿನ ದಿನಾಂಕ. ‘ನ್ಯೂ ಮಾಡೆಲ್’ ಎಂದೂ ಇದ್ದರೆ ಅದು ತಯಾರಾದದ್ದು 1863ರಿಂದೀಚೆಗೆ.

ಇಲ್ಲಿ ಹೆಚ್ಚು ನಂಬಬಹುದಾದದ್ದು 1851ರ ಕೋಲ್ಟ್ ನೇವಿ, ಅದರಲ್ಲೂ ಲಂಡನ್‌ನಲ್ಲಿ ತಯಾರಾದದ್ದು, ಏಕೆಂದರೆ ಬ್ರಿಟಿಷ್ ಅಧಿಕಾರಿಗಳು ಸ್ವಂತ ಹಣದಲ್ಲಿ ಅದನ್ನು ಕೊಳ್ಳುತ್ತಿದ್ದರು. ಕ್ಯಾಲಿಬರ್ .36, ಎಂಟು ಪಟ್ಟಿಯ ನಳಿಗೆ, ಉದ್ದ ಏಳೂವರೆ ಇಂಚು. ಲಂಡನ್ ಕಾರ್ಖಾನೆ 1853ರಲ್ಲಿ ಶುರುವಾಗಿ ಕೆಲವೇ ವರ್ಷ ನಡೆಯಿತು. ಅಲ್ಲಿಯ ನೇವಿ ಸುಮಾರು 42,000. ನಳಿಗೆಯ ಮೇಲೆ ಲಂಡನ್ ವಿಳಾಸ, ಕಿರೀಟದ ಕೆಳಗೆ ‘ವಿ’ ಮತ್ತು ‘ಜಿಪಿ’ ಎಂಬ ಪರೀಕ್ಷಾ ಮುದ್ರೆ ಇರಬೇಕು. ಟ್ರಿಗರ್ ಗಾರ್ಡ್ ಬಹುಪಾಲು ಕಬ್ಬಿಣದ್ದು. ಅಮೆರಿಕದ ಹಾರ್ಟ್‌ಫರ್ಡ್‌ನದು ಬೆಳ್ಳಿ ಲೇಪದ ಹಿತ್ತಾಳೆ. ಅಂಡಾಕಾರದೊಳಗೆ ‘ಇಎಲ್‌ಜಿ’ ಕಂಡರೆ ಬೆಲ್ಜಿಯಂನ ಲೀಜ್‌ನದು, ಅದೂ ಹಳೆಯದಿರಬಹುದು. ನಕ್ಷತ್ರದ ಕೆಳಗೆ ‘ಪಿಎನ್’ ಇದ್ದರೆ ಇಟಲಿಯ ಇತ್ತೀಚಿನ ಪ್ರತಿ. ಆ ಮುದ್ರೆಯನ್ನು ಅರ ಹಾಕಿ ಅಳಿಸಿರುತ್ತಾರೆ, ಹಾಗಾಗಿ ನಳಿಗೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ತಗ್ಗು ಬಿದ್ದ ಜಾಗ ಹುಡುಕಿ.

ಬಂದೂಕಿನ ಕ್ರಮಸಂಖ್ಯೆಯ ನಂಬರು ಒಂದೇ ಕಡೆ ನೋಡಿ ಬಿಡಬಾರದು. ನಳಿಗೆಯ ಬುಡ, ಫ್ರೇಮು, ಟ್ರಿಗರ್ ಗಾರ್ಡ್, ಹಿಡಿಯ ಕೆಳಪಟ್ಟಿ, ಸಿಲಿಂಡರ್, ನಳಿಗೆ ಬಿಗಿಯುವ ಬೆಣೆ, ಇಷ್ಟರ ಮೇಲೂ ಒಂದೇ ಸಂಖ್ಯೆ ಇರಬೇಕು. ಬೆಣೆ ಬೇಗ ಕಳೆದುಹೋಗುವ ಭಾಗ, ಅದರ ನಂಬರು ಬೇರೆಯಾದರೆ ಬೆಲೆ ಸ್ವಲ್ಪ ಇಳಿಯುತ್ತದೆ. ಸಿಲಿಂಡರಿನದು ಬೇರೆಯಾದರೆ ಬಹಳ ಇಳಿಯುತ್ತದೆ. ಸಿಲಿಂಡರಿನ ಸುತ್ತ 1843ರ ಮೇ 16ರ ನೌಕಾ ಕದನದ ತೆಳುವಾದ ಚಿತ್ರವಿರುತ್ತದೆ. ಚಿತ್ರ ಪೂರ್ತಿ ಸವೆದು, ನಳಿಗೆಯ ಅಂಚು ಮಾತ್ರ ಚೂಪಾಗಿದ್ದರೆ ಎರಡೂ ಬೇರೆ ಬೇರೆ ಬಂದೂಕಿನವಿರಬಹುದು. ತುಕ್ಕಿನ ಗುಳಿಯೊಳಗೂ ನೀಲಿ ಬಣ್ಣ ಇಳಿದಿದ್ದರೆ ಆಮೇಲೆ ಬಣ್ಣ ಹಾಕಿಸಿದ್ದಾರೆ. 1847ರ ಕೋಲ್ಟ್ ವಾಕರ್ ಎಂದು ಎರಡು ಕಿಲೋ ತೂಗುವ ಪಿಸ್ತೂಲು ತೋರಿಸಿದರೆ ನಕಲೆಂದೇ ಹಿಡಿದು ಪರೀಕ್ಷೆ ಶುರು ಮಾಡಿ: ಅಸಲು ತಯಾರಾದದ್ದು ಬರೀ 1,100.

ಖಾಲಿ ಎಂದು ಖಾತ್ರಿಯಾದ ಮೇಲೆ ಕೋಲ್ಟ್ ಬಿಚ್ಚಲು, ಬಲಗಡೆ ಚಾಚಿರುವ ಬೆಣೆಯ ಸ್ಪ್ರಿಂಗನ್ನು ಒತ್ತಿ, ಮರದ ಸುತ್ತಿಗೆಯಿಂದ ಎಡಕ್ಕೆ ತಟ್ಟಬೇಕು. ಕಬ್ಬಿಣದ ಸುತ್ತಿಗೆ ತಾಗಿದರೆ ಬೆಣೆಯ ತುದಿ ಅಣಬೆಯಂತೆ ಅರಳುತ್ತದೆ. ಅಲುಗದಿದ್ದರೆ ತೆಳು ಎಣ್ಣೆ ಬಿಟ್ಟು ಒಂದು ದಿನ ಕಾಯಿರಿ. ಸ್ಕ್ರೂ ಡ್ರೈವರ್ ಸ್ಕ್ರೂವಿನ ಸೀಳಿನ ಪೂರ್ತಿ ಅಗಲಕ್ಕೆ ಕೂಡದಿದ್ದರೆ ಆ ಸ್ಕ್ರೂ ಮುಟ್ಟಬೇಡಿ.

ಮುಂದೆ ಕೆಡುವುದು ತಿಕ್ಕುವುದರಿಂದ. ಪೂಜೆ ಪಾತ್ರೆಗೆ ಹಚ್ಚುವ ಹುಣಸೆಹಣ್ಣನ್ನು ಹಿತ್ತಾಳೆಗೆ ಹಚ್ಚಿ ತಿಕ್ಕಿದರೆ ಉಳಿದ ಬೆಳ್ಳಿ ಲೇಪವೂ ಹೋಗುತ್ತದೆ. ಪಾಲಿಶ್ ಕಾಗದ ನಂಬರು, ಚಿತ್ರ ಎರಡನ್ನೂ ತಿನ್ನುತ್ತದೆ. ಕಂದು ಬಣ್ಣದ ಗಟ್ಟಿ ಪದರ ಹಾಗೇ ಇರಲಿ; ಬೆರಳಿಗೆ ಹತ್ತುವ ಕೆಂಪು ಪುಡಿ ತುಕ್ಕನ್ನಷ್ಟೇ ಹೊಲಿಗೆ ಮಷೀನಿನ ಎಣ್ಣೆಯಲ್ಲಿ ನೆನೆಸಿ, ಬಿದಿರಿನ ಸೀಳಿನಿಂದ ಎಬ್ಬಿಸಿ. ಕುಸುಬಿ ಎಣ್ಣೆ, ಅಗಸೆ ಎಣ್ಣೆ ಹಚ್ಚಲೇಬಾರದು, ಒಣಗಿ ವಾರ್ನಿಶ್‌ನಂತೆ ಅಂಟಿ ಯಂತ್ರ ಹಿಡಿದುಕೊಳ್ಳುತ್ತದೆ. ಒರೆಸಿದ ಮೇಲೆ ಮೈಕ್ರೋಕ್ರಿಸ್ಟಲಿನ್ ಮೇಣವನ್ನು ತೆಳ್ಳಗೆ ಸವರಿ, ಹತ್ತಿ ಬಟ್ಟೆಯಿಂದ ಉಜ್ಜಿ. ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ, ಬೆವರಿನ ಉಪ್ಪು ಬೆರಳಚ್ಚಿನ ಆಕಾರದಲ್ಲೇ ತುಕ್ಕು ಹಿಡಿಸುತ್ತದೆ.

ಧಾರವಾಡದ ಮಳೆಗಾಲದಲ್ಲಿ ಚರ್ಮದ ಚೀಲದೊಳಗೆ ಇಡುವುದು ಅತಿ ದೊಡ್ಡ ತಪ್ಪು: ಚರ್ಮ ತೇವ ಹೀರುತ್ತದೆ, ಹದ ಮಾಡಲು ಬಳಸಿದ ಆಮ್ಲ ಕಬ್ಬಿಣಕ್ಕೆ ತಾಗುತ್ತದೆ. ಚೀಲ ಅಸಲಾಗಿದ್ದರೆ ಬೇರೆ ಇಡಿ. ಮುಚ್ಚಳ ಬಿಗಿಯಾಗಿ ಕೂಡುವ ಡಬ್ಬಿಯಲ್ಲಿ ನೀಲಿ ಸಿಲಿಕಾ ಜೆಲ್ ಚೀಲ ಮತ್ತು ತೇವಮಾಪಕ ಇಟ್ಟು, ತೇವ ಶೇ 50ರೊಳಗೆ ನಿಲ್ಲುವಂತೆ ನೋಡಿಕೊಳ್ಳಿ. ಜೆಲ್ ಗುಲಾಬಿಯಾದರೆ ಬಿಸಿ ಮಾಡಿ ಮತ್ತೆ ನೀಲಿ ಬರುವವರೆಗೆ ಒಣಗಿಸಿ, ತಣ್ಣಗಾದ ಮೇಲೆ ಒಳಗಿಡಿ.