ಚಹಾದಿಂದ ಬಿಯರ್‌ನಂಥ ಪಾನೀಯ: ಹುದುಗಿಸುವ ಬಗೆ, ಕುಡಿಯುವಾಗಿನ ಎಚ್ಚರ

ಚಹಾದಿಂದ ಮನೆಯಲ್ಲೇ ಬಿಯರ್ ಮಾಡಬಹುದಂತೆ, ಹೇಗೆ ಎಂದು ಧಾರವಾಡದ ನಮ್ಮ ಓಣಿಯ ಹುಡುಗರು ಕೇಳುತ್ತಿರುತ್ತಾರೆ. ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ದುಡಿದು ನಿವೃತ್ತಳಾದವಳು ಎಂದು ನನ್ನನ್ನೇ ಹುಡುಕಿಕೊಂಡು ಬರುತ್ತಾರೆ. ಅವರಿಗೆ ನಾನು ಮೊದಲು ಹೇಳುವುದು ಕಾನೂನಿನ ಮಾತು: 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ನಾನು ಮಾಡುವುದು ಕೊಂಬುಚಾ, ಎಂದರೆ ಸಿಹಿ ಚಹಾವನ್ನು ಹುದುಗಿಸಿದ ಹುಳಿ ಪಾನೀಯ. ಹುಳಿ, ನೊರೆ, ಶುಂಠಿಯ ಖಾರ ಎಲ್ಲವೂ ಅದರಲ್ಲಿದೆ. ಆದರೆ ಅದರಲ್ಲಿಯೂ ಮದ್ಯಸಾರ ಹುಟ್ಟುತ್ತದೆ. ಎಲ್ಲಿ, ಏಕೆ ಹುಟ್ಟುತ್ತದೆ ಎಂಬುದನ್ನು ತಿಳಿದುಕೊಂಡೇ ಇದಕ್ಕೆ ಕೈ ಹಾಕಬೇಕು.

ಒಂದು ಲೀಟರ್ ನೀರಿಗೆ 6 ಗ್ರಾಂ ಚಹಾಪುಡಿ, 70 ಗ್ರಾಂ ಸಕ್ಕರೆ ಸಾಕು. ಹಾಲು ಹಾಕಬಾರದು. ಏಲಕ್ಕಿ, ಮಸಾಲೆ ಬೆರೆತ ಪುಡಿಯೂ ಬೇಡ. ನಲ್ಲಿಯ ನೀರನ್ನು ಚೆನ್ನಾಗಿ ಕುದಿಸಿದರೆ ಕ್ಲೋರಿನ್ ಬಹುಮಟ್ಟಿಗೆ ಹೋಗುತ್ತದೆ. ಗದಗ ಜಿಲ್ಲೆಯವರಿಗೆ, ಅದರಲ್ಲೂ ಮುಂಡರಗಿ ಕಡೆಯವರಿಗೆ, ಒಂದು ವಿನಂತಿ: ಅಲ್ಲಿನ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಇದೆ, ಚಹಾ ಎಲೆಯಲ್ಲಿಯೂ ಇದೆ, ಕುದಿಸಿದರೆ ಅದು ಹೋಗುವುದಿಲ್ಲ. ಶುದ್ಧೀಕರಣ ಘಟಕದ ನೀರನ್ನೇ ತನ್ನಿ.

ಚಹಾ ಸೋಸಿ, ಸಕ್ಕರೆ ಕರಗಿಸಿ, ಪೂರ್ತಿ ಆರಿದ ಮೇಲೆ ಹಿಂದಿನ ಸಲದ ಹುಳಿ ಕೊಂಬುಚಾ 100ರಿಂದ 150 ಮಿಲಿಲೀಟರ್ ಮತ್ತು ಅದರ ಪೊರೆಯನ್ನು, ಎಂದರೆ ಯೀಸ್ಟ್, ಬ್ಯಾಕ್ಟೀರಿಯಾ ಸೇರಿ ಕಟ್ಟಿಕೊಂಡ ದಪ್ಪ ಪದರವನ್ನು, ಸೇರಿಸಬೇಕು. ಮೊಸರಿಗೆ ಹೆಪ್ಪು ಇದ್ದಂತೆ ಇದು. ಹೆಪ್ಪಿಲ್ಲದೆ ಬರೀ ಪೊರೆಯನ್ನು ತೇಲಿಬಿಡುವವರಿದ್ದಾರೆ, ಅದು ಅಪಾಯ. ಆರಂಭದಲ್ಲಿಯೇ ಹುಳಿ ಇದ್ದರೆ ಮಾತ್ರ ಕೆಟ್ಟ ಸೂಕ್ಷ್ಮಜೀವಿಗಳಿಗೆ ಜಾಗ ಸಿಗುವುದಿಲ್ಲ.

ಪಾತ್ರೆ ಗಾಜಿನದೇ ಇರಲಿ. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆಗಳನ್ನು ಈ ಹುಳಿ ಕರಗಿಸುತ್ತದೆ. ಅಜ್ಜಿಯ ಕಾಲದ ಉಪ್ಪಿನಕಾಯಿ ಜಾಡಿ ಎಷ್ಟೇ ಚಂದವಿದ್ದರೂ ಬಳಸಬೇಡಿ. ಹಳೆಯ ಮೆರುಗಿನಲ್ಲಿ ಸೀಸ ಇರಬಹುದು, ಹುಳಿಗೆ ಅದು ಬಿಟ್ಟುಕೊಳ್ಳುತ್ತದೆ. ಬಾಯಿಗೆ ತೊಳೆದ ಹತ್ತಿ ಪಂಚೆಯ ತುಂಡನ್ನು ಎರಡು ಮಡಿಕೆ ಮಾಡಿ ರಬ್ಬರ್ ಬ್ಯಾಂಡ್ ಬಿಗಿಯಿರಿ. ಒಂದೇ ಪದರವಾದರೆ ಹಣ್ಣಿನ ನೊಣ ಒಳಗೆ ನುಗ್ಗುತ್ತದೆ.

ಮುಚ್ಚಳದ ಬದಲು ಬಟ್ಟೆಯೇ ಏಕೆ? ಯೀಸ್ಟ್ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ಪೊರೆಯಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಆಮ್ಲಜನಕದಿಂದ ಆ ಮದ್ಯಸಾರವನ್ನು ಅಸಿಟಿಕ್ ಆಮ್ಲವಾಗಿ, ಎಂದರೆ ವಿನೆಗರಿನ ಹುಳಿಯಾಗಿ, ಮಾರ್ಪಡಿಸುತ್ತದೆ. ಗಾಳಿ ನಿಂತರೆ ಈ ಕೆಲಸವೂ ನಿಲ್ಲುತ್ತದೆ, ಮದ್ಯಸಾರ ಮಾತ್ರ ಉಳಿಯುತ್ತದೆ.

ಏಪ್ರಿಲ್ ಬಿಸಿಲಿಗೆ ಗದಗಿನಲ್ಲಿ ಆರೇಳು ದಿನದಲ್ಲಿ ಹದಕ್ಕೆ ಬರುವುದು ಧಾರವಾಡದ ಜುಲೈ ಜಿಟಿಜಿಟಿಯಲ್ಲಿ ಎರಡು ವಾರ ಹಿಡಿಯಬಹುದು. ದಿನ ಎಣಿಸಬೇಡಿ, ಹುಳಿ ಎಷ್ಟಿದೆ ಎಂದು ತೋರಿಸುವ ಪಿಎಚ್ ಪಟ್ಟಿಯಿಂದ ಅಳೆಯಿರಿ. ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ವಿಜ್ಞಾನ ಸಲಕರಣೆಗಳ ಅಂಗಡಿಯಲ್ಲಿ ಆ ಪಟ್ಟಿ ಸಿಗುತ್ತದೆ. ಪಿಎಚ್ 4.2ಕ್ಕಿಂತ ಕೆಳಗಿಳಿಯಲೇಬೇಕು. 3ರ ಆಸುಪಾಸು ಚೆನ್ನ. 2.5ಕ್ಕಿಂತ ಕೆಳಗೆ ಹೋದದ್ದನ್ನು ಕುಡಿಯಬೇಡಿ. ಕೆಳಗೆ ಜೋತಾಡುವ ಕಂದು ಎಳೆಗಳು ಯೀಸ್ಟ್, ಹೆದರಬೇಕಾಗಿಲ್ಲ. ಮೇಲೆ ಒಣಗಿದ, ರೋಮ ಬಂದಂಥ ಬಿಳಿ, ಹಸಿರು, ಕಪ್ಪು ಚುಕ್ಕೆ ಕಂಡರೆ ಬೂಸಲು. ಅಷ್ಟನ್ನೇ ತೆಗೆದು ಉಳಿದದ್ದನ್ನು ಉಳಿಸಿಕೊಳ್ಳುವ ಆಸೆ ಬೇಡ. ಪೊರೆ ಸಮೇತ ಎಲ್ಲವನ್ನೂ ಚೆಲ್ಲಿ. ಮಳೆಗಾಲದಲ್ಲಿ ಬೂಸಲು ಹೆಚ್ಚು.

ಮುಂದಿನ ಸಲಕ್ಕೆ ಹೆಪ್ಪು ಎತ್ತಿಟ್ಟು ಉಳಿದದ್ದಕ್ಕೆ ಜಜ್ಜಿದ ಶುಂಠಿ, ಒಂದು ಚಮಚ ಸಕ್ಕರೆ ಹಾಕಿ ಬಾಟಲಿಗೆ ತುಂಬಿದರೆ ಬಿಯರ್‌ನಂಥ ನೊರೆ ಬರುತ್ತದೆ. ನನಗೆ ಆತಂಕವಿರುವುದೂ ಇಲ್ಲಿಯೇ. ಮುಚ್ಚಿದ ಬಾಟಲಿಯಲ್ಲಿ ಗಾಳಿ ಇಲ್ಲ. ನೊರೆಯ ಜೊತೆಗೇ ಮದ್ಯಸಾರವೂ ಏರುತ್ತದೆ, ಒತ್ತಡವೂ ಏರುತ್ತದೆ. ಸಾಮಾನ್ಯ ಗಾಜಿನ ಬಾಟಲಿ ಸಿಡಿದರೆ ಕಣ್ಣು ಹೋದೀತು. ಸೋಡಾ ತಂಪುಪಾನೀಯದ ಪ್ಲಾಸ್ಟಿಕ್ ಬಾಟಲಿ ಬಳಸಿ, ಮೇಲೆ ಎರಡು ಅಂಗುಲ ಖಾಲಿ ಬಿಡಿ. ಒತ್ತಿದಾಗ ಗಟ್ಟಿಯಾಗಿದ್ದರೆ ಆ ಕ್ಷಣವೇ ಫ್ರಿಜ್ಜಿಗೆ ಸೇರಿಸಿ. ಬೇಸಿಗೆಯಲ್ಲಿ ಒಂದು ದಿನ ಸಾಕು. ಅಂಗಡಿಯ ಕೊಂಬುಚಾದಲ್ಲಿ ಮದ್ಯಸಾರ ಸಾಮಾನ್ಯವಾಗಿ ಶೇಕಡಾ 0.5ರೊಳಗಿರುತ್ತದೆ. ಮನೆಯಲ್ಲಿ ಹೊರಗೇ ಮರೆತ ಬಾಟಲಿಯಲ್ಲಿ ಅದು ಶೇಕಡಾ 2 ದಾಟಬಹುದು. ರುಚಿಯಿಂದ ಅದು ತಿಳಿಯುವುದಿಲ್ಲ.

ಕುಡಿಯುವುದು ದಿನಕ್ಕೆ 120 ಮಿಲಿಲೀಟರ್, ಒಂದು ಸಣ್ಣ ಲೋಟ. ಗಿರ್ಮಿಟ್, ಮಿರ್ಚಿ ಭಜ್ಜಿ ತಿಂದು ಉರಿಯುತ್ತಿರುವ ಹೊಟ್ಟೆಗೆ ಇದನ್ನು ಸುರಿದರೆ ಉರಿ ಹೆಚ್ಚೇ ಆಗುತ್ತದೆ. ಹೊಟ್ಟೆ ಉಬ್ಬರ, ಭೇದಿ, ತಲೆನೋವು ಕೆಲವರಿಗೆ ಬರುತ್ತವೆ. ಚಹಾದ ಕೆಫೀನ್ ಉಳಿದಿರುವುದರಿಂದ ರಾತ್ರಿ ಕುಡಿದರೆ ನಿದ್ದೆ ಕೆಡುತ್ತದೆ. ಹುಳಿ ಹಲ್ಲಿನ ಮೇಲ್ಪದರವನ್ನು ಸವೆಸುತ್ತದೆ, ಆದ್ದರಿಂದ ಕುಡಿದ ಮೇಲೆ ನೀರಿನಿಂದ ಬಾಯಿ ಮುಕ್ಕಳಿಸಿ. ನಮ್ಮ ಯಜಮಾನರಿಗೆ ಮಧುಮೇಹವಿದೆ. ಹುದುಗಿದ ಮೇಲೂ ಸಕ್ಕರೆ ಉಳಿಯುವುದರಿಂದ ಅವರು ಎಷ್ಟು ಕೇಳಿದರೂ ನಾನು ಕೊಡುವುದಿಲ್ಲ.

ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಚಿಕ್ಕ ಮಕ್ಕಳು, ಯಕೃತ್ತು ಅಥವಾ ಮೂತ್ರಪಿಂಡದ ಕಾಯಿಲೆಯವರು, ಕೀಮೋಥೆರಪಿಯಲ್ಲಿರುವವರು ಇದನ್ನು ಮುಟ್ಟಬಾರದು. ಕುಡಿತ ಬಿಡಲು ಡೈಸಲ್ಫಿರಾಮ್ ಮಾತ್ರೆ ನುಂಗುತ್ತಿರುವವರಿಗಂತೂ ಇದರಲ್ಲಿರುವ ಅಲ್ಪ ಮದ್ಯಸಾರವೂ ವಾಂತಿ, ಎದೆಬಡಿತ ತರಬಲ್ಲದು. ಇದು ಆರೋಗ್ಯಪಾನೀಯ ಎಂದು ಅವರಿಗೆ ಪ್ರೀತಿಯಿಂದ ಕೊಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. 1995ರಲ್ಲಿ ಅಮೆರಿಕದ ಐಯೊವಾದಲ್ಲಿ ದಿನವೂ ಕೊಂಬುಚಾ ಕುಡಿಯುತ್ತಿದ್ದ ಇಬ್ಬರು ಮಹಿಳೆಯರ ರಕ್ತದಲ್ಲಿ ಆಮ್ಲ ತೀವ್ರವಾಗಿ ಏರಿ ಒಬ್ಬರು ತೀರಿಕೊಂಡರು. ಕೊಂಬುಚಾವೇ ಕಾರಣ ಎಂದು ಸಾಬೀತಾಗಲಿಲ್ಲ. ಆದರೂ ಉಸಿರಾಟ ಜೋರಾದರೆ, ವಾಂತಿ ನಿಲ್ಲದಿದ್ದರೆ, ಕಣ್ಣು ಹಳದಿಯಾದರೆ ಮನೆಮದ್ದು ಮಾಡುತ್ತ ಕೂರಬೇಡಿ. ಆಸ್ಪತ್ರೆಗೆ ಹೋಗಿ, ಏನು ಕುಡಿದಿರಿ, ಎಷ್ಟು ಕುಡಿದಿರಿ ಎಂದು ವೈದ್ಯರಿಗೆ ಹೇಳಿ, ಉಳಿದ ಬಾಟಲಿಯನ್ನೂ ಜೊತೆಗೆ ಒಯ್ಯಿರಿ.