ಸ್ಕಾಲರ್‌ಶಿಪ್‌ಗೂ ಟ್ಯಾಕ್ಸಾ? ಅಮೆರಿಕದಲ್ಲಿ ಓದುವವರಿಗೆ ನನ್ನ ಲೆಕ್ಕದ ಹಾಳೆ

ಯುಗಾದಿ ಹತ್ತಿರ ಬಂತು ಅಂದರೆ ಜೂನಿಯರ್‌ಗಳ ಫೋನ್ ಶುರುವಾಗುತ್ತದೆ. "ಅಕ್ಕಾ, ಸ್ಕಾಲರ್‌ಶಿಪ್‌ಗೂ ಟ್ಯಾಕ್ಸ್ ಕಟ್ಟಬೇಕಾ?" ರಿಟರ್ನ್ ಸಲ್ಲಿಸಲು ಏಪ್ರಿಲ್ 15 ಕೊನೇ ದಿನ, ಅದಕ್ಕೇ ಗಡಿಬಿಡಿ. ಟೆಕ್ಸಾಸ್‌ನಲ್ಲಿ ಎಂ.ಎಸ್. ಮಾಡುವಾಗ 2024ರ ರಿಟರ್ನ್‌ಗೆ ನಾನು ಹಾಕಿದ ಲೆಕ್ಕವನ್ನೇ ಇಲ್ಲಿ ಕೊಡುತ್ತೇನೆ. ಇದು ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿರುವ ನಮ್ಮ ದೇಶದವರಿಗೆ.

ಮೊದಲು ಸ್ಕಾಲರ್‌ಶಿಪ್ ಹಣ ಎಲ್ಲಿಗೆ ಹೋಯಿತು ಅಂತ ಬರೆದುಕೊಳ್ಳಿ. ನನಗೆ ಬಂದದ್ದು 30,000 ಡಾಲರ್. ಟ್ಯೂಷನ್ ಮತ್ತು ಕಡ್ಡಾಯ ಫೀಗೆ 24,000, ಕೋರ್ಸ್‌ಗೆ ಬೇಕೇಬೇಕಾದ ಪುಸ್ತಕಕ್ಕೆ 800 ಹೋಯಿತು. ಇಷ್ಟಕ್ಕೆ ಟ್ಯಾಕ್ಸ್ ಇಲ್ಲ. ಉಳಿದ 5,200 ರೂಮ್ ಬಾಡಿಗೆ, ಸೋನಾ ಮಸೂರಿ ಅಕ್ಕಿ ಅಂತ ಕರಗಿತು. ಅದು ಆದಾಯ. ಯೂನಿವರ್ಸಿಟಿಗೆ ನನ್ನ ಪುಸ್ತಕದ ಲೆಕ್ಕ ಗೊತ್ತಿಲ್ಲ ಅಲ್ವಾ, ಪೂರ್ತಿ 6,000ಕ್ಕೆ ಶೇ. 14ರಂತೆ 840 ಡಾಲರ್ ಮೊದಲೇ ಹಿಡಿದುಕೊಂಡಿತ್ತು. 1042-ಎಸ್ ಫಾರ್ಮ್‌ನಲ್ಲಿ ಅದು ಕಾಣುತ್ತದೆ. ಪುಸ್ತಕದ ರಸೀದಿ ಎಸೆಯಬೇಡಿ.

ಟಿ.ಎ. (ಟೀಚಿಂಗ್ ಅಸಿಸ್ಟೆಂಟ್) ಕೆಲಸದ 18,000 ಬೇರೆ. ಅದು ಸಂಬಳ, ಡಬ್ಲ್ಯೂ-2ನಲ್ಲಿ ಬರುತ್ತದೆ. ಆ ಹಾಳೆಯಲ್ಲಿ 4 ಮತ್ತು 6ನೇ ಬಾಕ್ಸ್ ಖಾಲಿ ಇರಬೇಕು. ನಮಗೆ ಅನ್ವಯಿಸದ ಸೋಷಿಯಲ್ ಸೆಕ್ಯುರಿಟಿ (ಪಿಂಚಣಿ), ಮೆಡಿಕೇರ್ (ಆರೋಗ್ಯ ವಿಮೆ) ಟ್ಯಾಕ್ಸ್ ಅಂತ ಸೇರಿ ಶೇ. 7.65 ಹಿಡಿದಿದ್ದರೆ ಪೇರೋಲ್‌ನವರಿಗೆ ಹೇಳಿ ವಾಪಸ್ ಪಡೆಯಿರಿ.

ಈಗ ನಮಗಷ್ಟೇ ಇರುವ ಲಾಭ. 1040-ಎನ್‌ಆರ್ (ನಾನ್‌ರೆಸಿಡೆಂಟ್, ಅಂದರೆ ತೆರಿಗೆ ಲೆಕ್ಕಕ್ಕೆ ಅಮೆರಿಕದ ನಿವಾಸಿ ಅಲ್ಲದವರ ರಿಟರ್ನ್) ತುಂಬುವ ಬೇರೆ ದೇಶದ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಸ್ಟ್ಯಾಂಡರ್ಡ್ ಡಿಡಕ್ಷನ್ (ಆದಾಯದಿಂದ ನೇರವಾಗಿ ಕಳೆಯಬಹುದಾದ ನಿಗದಿತ ಮೊತ್ತ) ಸಿಗುವುದಿಲ್ಲ. ಭಾರತ-ಅಮೆರಿಕ ತೆರಿಗೆ ಒಪ್ಪಂದದ 21(2)ನೇ ವಿಧಿಯಿಂದ ನಮಗೆ ಸಿಗುತ್ತದೆ. 2024ಕ್ಕೆ ಅದು 14,600 ಇತ್ತು, 2025ಕ್ಕೆ 15,750. ನನ್ನ ಒಟ್ಟು ಆದಾಯ 23,200ರಲ್ಲಿ ಅದನ್ನು ಕಳೆದರೆ 8,600. ಶೇ. 10ರಂತೆ ಟ್ಯಾಕ್ಸ್ 860 ಡಾಲರ್. ಈ ವಿಧಿ ಗೊತ್ತಿಲ್ಲದೆ ತುಂಬಿದ್ದರೆ 2,552 ಆಗುತ್ತಿತ್ತು! 840 ಆಗಲೇ ಹೋಗಿತ್ತು. ಸಂಬಳದಲ್ಲಿ ಹಿಡಿದದ್ದರಲ್ಲಿ 20 ಡಾಲರ್ ಬಿಟ್ಟು ಉಳಿದದ್ದೆಲ್ಲ ವಾಪಸ್ ಬಂತು.

ಯೂನಿವರ್ಸಿಟಿ ಕಳಿಸುವ 1098-ಟಿ (ಟ್ಯೂಷನ್ ಲೆಕ್ಕದ ಫಾರ್ಮ್) ನೋಡಿ ಆಸೆಪಡಬೇಡಿ. ಅದರ ಎಜುಕೇಶನ್ ಕ್ರೆಡಿಟ್ (ಓದಿನ ಖರ್ಚಿಗೆ ಸಿಗುವ ಟ್ಯಾಕ್ಸ್ ಕಡಿತ) ನಾನ್‌ರೆಸಿಡೆಂಟ್‌ಗಳಿಗೆ ಇಲ್ಲ. ನನ್ನ ರೂಮ್‌ಮೇಟ್ ಸಾಫ್ಟ್‌ವೇರ್ ಕೇಳಿದ್ದಕ್ಕೆಲ್ಲ ಸುಮ್ನೆ 'ಎಸ್' ಒತ್ತಿ, ರೆಸಿಡೆಂಟ್‌ಗಳು ತುಂಬುವ ಸಾದಾ 1040ರಲ್ಲಿ ಕ್ರೆಡಿಟ್ ತೆಗೆದುಕೊಂಡಳು. ಆಮೇಲೆ 1040-ಎಕ್ಸ್ (ತಿದ್ದುಪಡಿ ರಿಟರ್ನ್) ಹಾಕಿ ಹಣ ತಿರುಗಿ ಕಟ್ಟಿದಳು. 1040-ಎನ್‌ಆರ್ ಇರುವ ಸಾಫ್ಟ್‌ವೇರನ್ನೇ ಹುಡುಕಿ.

ಮೊದಲ ಐದು ಕ್ಯಾಲೆಂಡರ್ ವರ್ಷ ನಾವು ನಾನ್‌ರೆಸಿಡೆಂಟ್. ಡಿಸೆಂಬರ್‌ನಲ್ಲಿ ಬಂದಿಳಿದರೂ ಆ ವರ್ಷ ಪೂರ್ತಿ ಲೆಕ್ಕಕ್ಕೆ ಬರುತ್ತದೆ. ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ನಾನು ಬಚಾವ್. ನಿಮ್ಮ ರಾಜ್ಯದ್ದು ನೋಡಿಕೊಳ್ಳಿ. ಒಂದು ಡಾಲರ್ ಆದಾಯ ಇಲ್ಲದಿದ್ದರೂ ಫಾರ್ಮ್ 8843 (ನಾವು ನಾನ್‌ರೆಸಿಡೆಂಟ್ ಯಾಕೆ ಅಂತ ತಿಳಿಸುವ ಹಾಳೆ) ಕಳಿಸಲೇಬೇಕು. ಹಾಗೆ ಆದಾಯ ಇಲ್ಲದವರಿಗೆ ಅದಕ್ಕೆ ಜೂನ್ 15ರವರೆಗೆ ಸಮಯ ಇದೆ.